ಪಿಕಪ್ ಟ್ರಕ್ಕಿಗೆ ಹ್ಯಾಂಡ್‌ಹೆಲ್ಡ್ ಟ್ಯೂನರ್: ಯಾರಿಗೆ ಲಾಭ, ಯಾರಿಗೆ ದಂಡ, ಹಾಕುವ ಕ್ರಮವೇನು

ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ, ರ‍್ಯಾಮ್ 1500ರಂಥ ಅಮೆರಿಕದ ಪಿಕಪ್‌ಗಳಿಗೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ತಿದ್ದುವ, ಅಂಗೈಯಗಲದ ಟ್ಯೂನರ್‌ಗಳು 400ರಿಂದ 700 ಡಾಲರ್ ಬೆಲೆಗೆ ಸಿಗುತ್ತವೆ. ದುಡ್ಡಿಗೆ ತಕ್ಕ ಮಾಲೇ ಎಂದು ಕೇಳಿದರೆ ಉತ್ತರ ಎಂಜಿನ್ ಮೇಲೆ ನಿಂತಿದೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದ್ದು, ವಾರಂಟಿ ಮುಗಿದು, ಹೆಚ್ಚು ಆಕ್ಟೇನ್‌ನ, ಅಂದರೆ ಬಡಿತ ತಡೆಯುವ ದರ್ಜೆ ಹೆಚ್ಚಿರುವ, ಪೆಟ್ರೋಲ್ ಹಾಕಿಸಲು ನೀವು ತಯಾರಿದ್ದರೆ ಹೌದು. ಟರ್ಬೊ ಇಲ್ಲದ ವಿ8ಗೆ ಶಕ್ತಿ ಬರಲಿ ಎಂದು ಕೊಳ್ಳುವುದಾದರೆ ಬೇಡ. ಮೈಲೇಜ್ ಹೆಚ್ಚಿ ಹಾಕಿದ ದುಡ್ಡು ತಾನಾಗಿ ವಾಪಸಾಗುತ್ತದೆ ಎಂಬ ಲೆಕ್ಕದಲ್ಲಿ ಕೊಳ್ಳುವುದಾದರೆ ಖಂಡಿತ ಬೇಡ. ಹೀಗೇಕೆ ಎಂಬುದೂ, ಕೊಳ್ಳುವುದೇ ಆದರೆ ಎಂಜಿನ್ ಕೆಡಿಸಿಕೊಳ್ಳದೆ ಹಾಕುವ ಕ್ರಮವೂ ಇಲ್ಲಿದೆ.

ಈ ಪೆಟ್ಟಿಗೆ ಮಾಡುವ ಕೆಲಸ

1996ರ ಮಾದರಿಯಿಂದೀಚೆಗೆ ಅಮೆರಿಕದಲ್ಲಿ ಮಾರಿದ ಕಾರು ಮತ್ತು ಹಗುರ ಟ್ರಕ್ಕುಗಳಲ್ಲಿ ಡ್ಯಾಶ್‌ಬೋರ್ಡಿನ ಅಡಿ, ಚಾಲಕನ ಮೊಣಕಾಲಿನ ಹತ್ತಿರ, 16 ಪಿನ್ನಿನ ಓಬಿಡಿ-2 ಸಾಕೆಟ್ ಇರುತ್ತದೆ. ಟ್ಯೂನರ್ ಅಲ್ಲಿಂದ ಎಂಜಿನ್ ಕಂಪ್ಯೂಟರ್ ಜೊತೆ ಮಾತಾಡುತ್ತದೆ. ಮೊದಲು ಮೂಲ ಪ್ರೋಗ್ರಾಂ ಅನ್ನು ತನ್ನೊಳಗೆ ಉಳಿಸಿಕೊಂಡು, ಆಮೇಲೆ ತಿದ್ದಿದ ಪ್ರತಿಯನ್ನು, ಅಂದರೆ ‘ಟ್ಯೂನ್’ ಅನ್ನು, ಅದೇ ಜಾಗಕ್ಕೆ ಬರೆಯುತ್ತದೆ. ಇದನ್ನೇ ಫ್ಲ್ಯಾಶ್ ಮಾಡುವುದು ಎನ್ನುತ್ತಾರೆ. ತಿದ್ದುಪಡಿ ನಡೆಯುವುದು ಕೋಷ್ಟಕಗಳಲ್ಲಿ: ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಎಷ್ಟು ಡಿಗ್ರಿ ಮುಂದಿರಬೇಕು, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ಎಷ್ಟು ಇಂಧನ, ಟರ್ಬೊ ಒತ್ತಡದ ಮಿತಿ ಎಷ್ಟು, ಪೆಡಲ್ ಇಷ್ಟು ತುಳಿದರೆ ಥ್ರಾಟಲ್ ಎಷ್ಟು ತೆರೆಯಬೇಕು, ಗೇರ್ ಯಾವಾಗ ಬದಲಾಗಬೇಕು, ವೇಗದ ಗರಿಷ್ಠ ಮಿತಿ ಎಲ್ಲಿ.

ಇದರ ಜೊತೆ ಎರಡು ಬೇರೆ ಸರಕುಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ಒಂದು, ಪೆಡಲ್ ಬೂಸ್ಟರ್. ಅದು ಪೆಡಲಿನ ಸಂಕೇತವನ್ನಷ್ಟೇ ಹಿಗ್ಗಿಸುತ್ತದೆ. ಅರ್ಧ ತುಳಿದರೆ ಮುಕ್ಕಾಲು ತುಳಿದಂತೆ ತೋರಿಸುತ್ತದೆ. ಗಾಡಿ ಚುರುಕಾದಂತೆ ಅನಿಸುತ್ತದೆ, ಶಕ್ತಿ ಒಂದು ಎಚ್‌ಪಿಯೂ ಹೆಚ್ಚುವುದಿಲ್ಲ. ಎರಡು, ಹತ್ತಿಪ್ಪತ್ತು ಡಾಲರಿಗೆ ಸಿಗುವ, ಓಬಿಡಿ ಸಾಕೆಟ್ಟಿಗೆ ಚುಚ್ಚಿದರೆ ಸಾಕು 35 ಶೇಕಡಾ ಶಕ್ತಿ ಎನ್ನುವ ಪ್ಲಾಸ್ಟಿಕ್ ಡಬ್ಬಿ. ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿನುಗುವ ಎಲ್‌ಇಡಿ ದೀಪಗಳು, ಗಾಡಿಯ ಕಂಪ್ಯೂಟರ್ ಜಾಲದ ಜೊತೆ ಮಾತಾಡುವ ಚಿಪ್ಪೇ ಇಲ್ಲ.

ಮೊದಲ ಹೆಜ್ಜೆ: ನಿಮ್ಮ ಎಂಜಿನ್ ಯಾವ ಜಾತಿಯದು

ಟರ್ಬೊ ಇಲ್ಲದ ಎಂಜಿನ್, ಉದಾಹರಣೆಗೆ ಷೆವ್ರೊಲೆಯ ಮಾತೃಸಂಸ್ಥೆ ಜಿಎಂನ 5.3 ಲೀಟರ್ ವಿ8, ರ‍್ಯಾಮ್‌ನ 5.7 ಹೆಮಿ, ಫೋರ್ಡ್‌ನ 5.0 ಕೊಯೋಟಿ, ವಾತಾವರಣ ಕೊಟ್ಟಷ್ಟೇ ಗಾಳಿ ಎಳೆಯುತ್ತದೆ. ಪ್ರೋಗ್ರಾಂ ತಿದ್ದಿದರೆ ಸಿಲಿಂಡರಿನೊಳಗೆ ಹೋಗುವ ಗಾಳಿ ಹೆಚ್ಚುವುದಿಲ್ಲ. ಟ್ಯೂನರ್ ಮಾಡಬಹುದಾದ್ದು ಟೈಮಿಂಗ್ ಅನ್ನು ಒಂದೆರಡು ಡಿಗ್ರಿ ಮುಂಚೆ ತರುವುದು, ಇಂಧನವನ್ನು ಸ್ವಲ್ಪ ಹೊಂದಿಸುವುದು. ಕಾರ್ಖಾನೆಯವರು ಇವೆರಡನ್ನೂ ಆಗಲೇ ಹಿಂಡಿ ಬಿಟ್ಟಿರುತ್ತಾರೆ. ಸಾಮಾನ್ಯ 87 ಆಕ್ಟೇನ್ ಪೆಟ್ರೋಲಿನಲ್ಲಿ 5ರಿಂದ 10 ಎಚ್‌ಪಿ, 93ರಲ್ಲಿ 10ರಿಂದ 20 ಎಚ್‌ಪಿ ಸಿಕ್ಕರೆ ಅದೇ ಹೆಚ್ಚು. 395 ಎಚ್‌ಪಿಯ ಹೆಮಿಯಲ್ಲಿ ಇದು ಸೀಟಿನಲ್ಲಿ ಕುಳಿತವರಿಗೆ ಗೊತ್ತಾಗುವುದೇ ಕಷ್ಟ. ‘ಟ್ಯೂನ್ ಹಾಕಿದೆ, ಗಾಡಿ ಹಾರುತ್ತೆ’ ಎಂದು ಅನ್ನಿಸುವುದು ಹೆಚ್ಚಾಗಿ ಪೆಡಲ್ ಕೋಷ್ಟಕ ಮತ್ತು ಗೇರ್ ಬದಲಾಗುವ ಸಮಯ ತಿದ್ದಿದ್ದರಿಂದ.

ಟರ್ಬೊ ಎಂಜಿನ್ ಬೇರೆ ಲೋಕ. ಅಲ್ಲಿ ಟರ್ಬೊ ಒತ್ತಡವನ್ನು ಹಿಡಿತದಲ್ಲಿಡುವ ವೇಸ್ಟ್‌ಗೇಟ್ ಕವಾಟ ಕಂಪ್ಯೂಟರಿನ ಹಿಡಿತದಲ್ಲಿದೆ, ಅಂದರೆ ಗಾಳಿಯ ಪ್ರಮಾಣವೇ ಪ್ರೋಗ್ರಾಂ ಕೈಯಲ್ಲಿದೆ. ಎಫ್-150ರಲ್ಲಿ 2011ರಿಂದ ಬರುತ್ತಿರುವ 3.5 ಇಕೋಬೂಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಬಂದ ಎರಡನೇ ತಲೆಮಾರಿನದು ಕಾರ್ಖಾನೆಯಿಂದ 375 ಎಚ್‌ಪಿ, 470 ಪೌಂಡ್-ಅಡಿ ಟಾರ್ಕ್ ಕೊಡುತ್ತದೆ. 93 ಆಕ್ಟೇನ್ ಹಾಕಿ ಟ್ಯೂನ್ ಮಾಡಿದರೆ 40ರಿಂದ 80 ಎಚ್‌ಪಿ, ಟಾರ್ಕ್ ಅದಕ್ಕಿಂತಲೂ ಹೆಚ್ಚು ಏರುತ್ತದೆ. 2.7 ಇಕೋಬೂಸ್ಟ್ ಕೂಡ ಇದೇ ಸಾಲಿನದು. ಡೀಸೆಲ್‌ಗಳಾದ 6.7 ಪವರ್‌ಸ್ಟ್ರೋಕ್, ಡ್ಯುರಾಮ್ಯಾಕ್ಸ್, 6.7 ಕಮ್ಮಿನ್ಸ್ ಹೊಗೆ ನಿಯಂತ್ರಣ ಪೂರ್ತಿ ಉಳಿಸಿಕೊಂಡೇ ಹೀಗೆ ಏರಬಲ್ಲವು. ಆದರೆ ಡೀಸೆಲ್ಲಿನಲ್ಲಿ ಹೆಚ್ಚುವರಿ ಇಂಧನ ಎಂದರೆ ಹೆಚ್ಚುವರಿ ಮಸಿ. ಅದು ಮಸಿ ಸೋಸುವ ಡಿಪಿಎಫ್ ಫಿಲ್ಟರಿನಲ್ಲಿ ಕೂರುತ್ತದೆ, ಅದನ್ನು ಸುಡುವ ರೀಜನರೇಷನ್ ಪದೇ ಪದೇ ನಡೆಯುತ್ತದೆ, ಪ್ರತಿ ಸಲವೂ ಇಂಧನ ತಿನ್ನುತ್ತದೆ. ಹೆಚ್ಚು ಶಕ್ತಿಯ ಟ್ಯೂನ್ ಹಾಕಿ ಊರೊಳಗೇ ಓಡಾಡುವವರಿಗೆ ಈ ಕಾಟ ಜಾಸ್ತಿ.

ಆಕ್ಟೇನ್ ಬಗ್ಗೆ ಭಾರತದಿಂದ ಹೋದವರು ಒಂದು ಮಾತು ತಿಳಿದಿರಬೇಕು. ನಮ್ಮಲ್ಲಿ ಪೆಟ್ರೋಲ್ ಬಂಕಿನ 91, 95 ಎಂಬ ಸಂಖ್ಯೆ ಆರ್‌ಓಎನ್ ಎಂಬ ಅಳತೆ. ಅಮೆರಿಕದ ಪಂಪಿನ ಮೇಲಿರುವುದು ಆರ್‌ಓಎನ್ ಮತ್ತು ಅದಕ್ಕಿಂತ ಕಡಿಮೆ ಬರುವ ಎಂಓಎನ್ ಎಂಬ ಇನ್ನೊಂದು ಅಳತೆಯ ಸರಾಸರಿ. ಅಲ್ಲಿಯ 87 ಎಂದರೆ ನಮ್ಮ 91ರ ಹತ್ತಿರ. ಅಲ್ಲಿಯ 91 ಸುಮಾರು 95–96. 93 ಎಂದರೆ 97–98. ಟೆಕ್ಸಸ್, ಮಿಷಿಗನ್‌ನಲ್ಲಿ 93 ಸುಲಭವಾಗಿ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಾಮೂಲಿ ಬಂಕುಗಳ ಪ್ರೀಮಿಯಂ 91ಕ್ಕೇ ನಿಲ್ಲುತ್ತದೆ. ಕೊಲರಾಡೊದಂಥ ಎತ್ತರದ ರಾಜ್ಯಗಳಲ್ಲಿ ಅಗ್ಗದ್ದು 85. ಇಕೋಬೂಸ್ಟ್ ಇಟ್ಟುಕೊಂಡು 91ರ ಊರಿನಲ್ಲಿರುವುದು ಹಲ್ಲಿದ್ದವನಿಗೆ ಕಡಲೆಯಿಲ್ಲದ ಕಥೆ. ಅಲ್ಲಿ 93ರ ಟ್ಯೂನ್ ಹಾಕಲೇಬೇಡಿ, 91ರದ್ದನ್ನೇ ಹಾಕಿ.

ಮೈಲೇಜ್ ಲೆಕ್ಕ

ಡಬ್ಬದ ಮೇಲೆ ‘ಗ್ಯಾಲನ್ನಿಗೆ 1ರಿಂದ 3 ಮೈಲಿ ಹೆಚ್ಚು’ ಎಂದು ಬರೆದಿರುತ್ತದೆ. ಅದನ್ನೇ ನಂಬಿ ಲೆಕ್ಕ ಹಾಕಿದರೂ ಏನಾಗುತ್ತದೆ ನೋಡಿ. ವರ್ಷಕ್ಕೆ 12,000 ಮೈಲಿ, ಗ್ಯಾಲನ್ನಿಗೆ 18 ಮೈಲಿ ಎಂದಿಟ್ಟುಕೊಂಡರೆ ಖರ್ಚಾಗುವುದು 667 ಗ್ಯಾಲನ್. 19 ಮೈಲಿಗೆ ಏರಿದರೆ 632. ಉಳಿತಾಯ 35 ಗ್ಯಾಲನ್. ಗ್ಯಾಲನ್ನಿಗೆ 3 ಡಾಲರ್ ಹಿಡಿದರೆ 105 ಡಾಲರ್. 500 ಡಾಲರಿನ ಟ್ಯೂನರ್ ತನ್ನ ಬೆಲೆ ತೀರಿಸಲು ಐದು ವರ್ಷಕ್ಕೆ ಹತ್ತಿರ ಬೇಕು. ಇದು 87ರಲ್ಲೇ ಓಡಿಸಿದರೆ.

93 ಬೇಡುವ ಟ್ಯೂನ್ ಹಾಕಿದರೆ ಗ್ಯಾಲನ್ನಿಗೆ 80 ಸೆಂಟ್ ಹೆಚ್ಚು ಎಂದಿಟ್ಟುಕೊಳ್ಳಿ. ಅದೇ 667 ಗ್ಯಾಲನ್ನಿಗೆ ವರ್ಷಕ್ಕೆ 533 ಡಾಲರ್ ಹೆಚ್ಚುವರಿ ಖರ್ಚು. ಅದನ್ನು ಸರಿದೂಗಿಸಲು ಮೈಲೇಜ್ 18ರಿಂದ 22.8ಕ್ಕೆ ಏರಬೇಕು. ಯಾವ ಟ್ಯೂನೂ ಅಷ್ಟು ಕೊಡುವುದಿಲ್ಲ. ಡ್ಯಾಶ್‌ಬೋರ್ಡಿನ ಸರಾಸರಿ ಅಂಕಿಯನ್ನಂತೂ ನಂಬಬೇಡಿ. ಅದು ಇಂಜೆಕ್ಟರ್ ತೆರೆದಿದ್ದ ಹೊತ್ತಿನಿಂದ ಮಾಡಿದ ಅಂದಾಜು. ಟ್ಯೂನ್ ಬದಲಾದಾಗ ಅಂದಾಜೂ ತಪ್ಪಬಹುದು. ಒಂದೇ ಬಂಕಿನಲ್ಲಿ, ಪಂಪ್ ತಾನೇ ನಿಲ್ಲುವವರೆಗೆ ತುಂಬಿಸಿ, ಮೂರು ಟ್ಯಾಂಕುಗಳ ಲೆಕ್ಕ ಹಾಕಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಶಕ್ತಿಗಿಂತ ಉಪಯುಕ್ತವಾದದ್ದು

ಟರ್ಬೊ ಇಲ್ಲದ ವಿ8 ಇರುವವರಿಗೆ ಟ್ಯೂನರ್ ನಿಜವಾಗಿ ಕೆಲಸಕ್ಕೆ ಬರುವುದು ದೊಡ್ಡ ಟೈರು ಹಾಕಿದಾಗ. ಲೆಕ್ಕ ಹೀಗೆ: 275/65 ಆರ್18 ಟೈರಿನ ವ್ಯಾಸ ಸುಮಾರು 32.1 ಇಂಚು. ಅದರ ಬದಲು 285/75 ಆರ್18 ಹಾಕಿದರೆ 34.8 ಇಂಚು. ಅನುಪಾತ 1.086. ಸ್ಪೀಡೋಮೀಟರ್ 60 ಮೈಲಿ ತೋರಿಸುವಾಗ ನೀವು 65ರಲ್ಲಿರುತ್ತೀರಿ. 100 ಮೈಲಿ ಓಡಿದರೆ ಓಡೋಮೀಟರ್ 92 ಬರೆದುಕೊಳ್ಳುತ್ತದೆ. ‘ದೊಡ್ಡ ಟೈರು ಹಾಕಿದ ಮೇಲೆ ಮೈಲೇಜ್ ಕುಸಿಯಿತು’ ಎಂಬ ದೂರಿನಲ್ಲಿ ಒಂದು ಪಾಲು ಈ ಸುಳ್ಳು ಲೆಕ್ಕದ್ದು. ಗೇರ್ ಬದಲಾಗುವ ವೇಗವೂ ಇದೇ ತಪ್ಪು ಅಂಕಿಯ ಮೇಲೆ ನಡೆಯುವುದರಿಂದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎರಡು ಗೇರ್‌ಗಳ ನಡುವೆ ಹೊಯ್ದಾಡುತ್ತದೆ. ಟ್ಯೂನರಿಗೆ ಟೈರಿನ ವ್ಯಾಸವನ್ನು ಟೈರಿನ ಮೇಲೆ ಮುದ್ರಿಸಿದ ಅಂಕಿಯಿಂದ ಹಾಕಬೇಡಿ. ಗಾಳಿ ಸರಿಯಾಗಿ ತುಂಬಿ, ನೆಲದ ಮೇಲೆ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಪೂರ್ತಿ ಸುತ್ತು ಮುಂದೆ ತಳ್ಳಿ, ದೂರ ಅಳೆದು 3.14ರಿಂದ ಭಾಗಿಸಿ. ಭಾರ ಹೊತ್ತ ಟೈರು ಮುದ್ರಿತ ಅಳತೆಗಿಂತ ಚಿಕ್ಕದಿರುತ್ತದೆ.

ರಿಯರ್ ಆಕ್ಸಲ್‌ನ ಗೇರ್ ಅನುಪಾತ ಬದಲಿಸಿದ್ದರೂ ಇದೇ ಕೆಲಸ. ಟೈರಿನ ಅಳತೆ ತಿದ್ದುವುದಷ್ಟೇ ಬೇಕಿದ್ದರೆ ಅದಕ್ಕೆಂದೇ ಇರುವ ಅಗ್ಗದ ಕ್ಯಾಲಿಬ್ರೇಟರ್‌ಗಳು ಸಿಗುತ್ತವೆ, ಪೂರ್ತಿ ಟ್ಯೂನರ್ ದಂಡ.

ದೋಷದ ಕೋಡ್ ಓದುವುದು, ಅಳಿಸುವುದು, ಸೆನ್ಸರ್ ಅಂಕಿಗಳನ್ನು ದಾಖಲಿಸುವುದು ಟ್ಯೂನರಿನ ಇತರ ಗುಣಗಳು. ಒಳ್ಳೆಯವೇ. ಆದರೆ ಓದುವುದಕ್ಕಷ್ಟೇ ಆದರೆ 30 ಡಾಲರಿನ ಬ್ಲೂಟೂತ್ ಓದುಗವೂ ಒಂದು ಫೋನ್ ಆಪೂ ಸಾಕು.

ವಾರಂಟಿ ಮತ್ತು ಕಾನೂನು

ಫೋರ್ಡ್, ಜಿಎಂಗಳ ಪೆಟ್ರೋಲ್ ಪಿಕಪ್‌ಗಳಿಗೆ ಎಂಜಿನ್-ಗೇರ್‌ಬಾಕ್ಸ್ ವಾರಂಟಿ 5 ವರ್ಷ ಅಥವಾ 60,000 ಮೈಲಿ, ದೊಡ್ಡ ಡೀಸೆಲ್ ಎಂಜಿನ್‌ಗಳಿಗೆ 5 ವರ್ಷ ಅಥವಾ 1,00,000 ಮೈಲಿ. 1975ರ ಮ್ಯಾಗ್ನಸನ್-ಮಾಸ್ ಕಾಯ್ದೆಯ ಪ್ರಕಾರ ಹೊರಗಿನ ಭಾಗ ಹಾಕಿದ್ದೀರಿ ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದಾಗದು. ಆ ಭಾಗದಿಂದಲೇ ಹಾನಿಯಾಯಿತು ಎಂದು ಕಂಪನಿ ತೋರಿಸಬೇಕು. ಟ್ಯೂನರ್ ಮಾರುವವರು ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಟೈಮಿಂಗ್, ಟರ್ಬೊ ಒತ್ತಡ ಏರಿಸಿದ ಎಂಜಿನ್ನಿನಲ್ಲಿ ಪಿಸ್ಟನ್ ಒಡೆದರೆ ಕಂಪನಿಗೆ ಅದನ್ನು ತೋರಿಸುವುದು ಕಷ್ಟವೇ ಅಲ್ಲ ಎಂಬುದನ್ನು ಹೇಳುವುದಿಲ್ಲ.

‘ಡೀಲರ್ ಹತ್ತಿರ ಹೋಗುವ ಮುಂಚೆ ಮೂಲ ಪ್ರೋಗ್ರಾಂ ವಾಪಸ್ ಹಾಕಿದರೆ ಗೊತ್ತಾಗಲ್ಲ’ ಎಂಬ ಮಾತೂ ಸುಳ್ಳು. ಜಿಎಂ ಡೀಲರ್ ಎಂಜಿನ್ ಕಂಪ್ಯೂಟರಿನ ಸಿವಿಎನ್ ಎಂಬ ಪರಿಶೀಲನಾ ಸಂಖ್ಯೆಯನ್ನು ಓದಿ ಕಂಪನಿಯ ಪಟ್ಟಿಯ ಜೊತೆ ಹೋಲಿಸಬಲ್ಲ. ಮೂಲ ಫೈಲ್ ವಾಪಸ್ ಹಾಕಿದ್ದರೂ, ಎಷ್ಟು ಸಲ ಫ್ಲ್ಯಾಶ್ ಆಗಿದೆ, ಕೊನೆಯ ಫ್ಲ್ಯಾಶ್ ಆದ ಮೇಲೆ ಎಷ್ಟು ಸಲ ಕೀ ತಿರುಗಿದೆ ಎಂಬ ಎಣಿಕೆ ಹಲವು ಕಂಪ್ಯೂಟರ್‌ಗಳಲ್ಲಿ ಉಳಿಯುತ್ತದೆ. 40,000 ಮೈಲಿ ಓಡಿದ ಗಾಡಿ, ಫ್ಲ್ಯಾಶ್ ಆಗಿ ಕೀ ತಿರುಗಿದ್ದು ಆರೇ ಸಲ ಎಂದರೆ ಸರ್ವಿಸ್ ಮೇಲ್ವಿಚಾರಕನಿಗೆ ಮಿಕ್ಕಿದ್ದನ್ನು ಯಾರೂ ವಿವರಿಸಬೇಕಿಲ್ಲ. ವಾರಂಟಿ ಉಳಿದಿರುವಾಗ ಟ್ಯೂನ್ ಬೇಕೇ ಬೇಕಾದರೆ ತಯಾರಕರದ್ದೇ ಆದ ಟ್ಯೂನ್ ಇದೆಯೇ ನೋಡಿ. 2019ರಿಂದ 2023ರ ಫೋರ್ಡ್ ರೇಂಜರ್‌ನ 2.3 ಇಕೋಬೂಸ್ಟಿಗೆ ಫೋರ್ಡ್ ಪರ್ಫಾರ್ಮೆನ್ಸ್ ವಿಭಾಗದ ಕ್ಯಾಲಿಬ್ರೇಷನ್ 270 ಎಚ್‌ಪಿಯನ್ನು 315ಕ್ಕೂ, 310 ಪೌಂಡ್-ಅಡಿಯನ್ನು 370ಕ್ಕೂ ಏರಿಸುತ್ತದೆ. ಡೀಲರ್ ಕೈಯಲ್ಲಿ ಹಾಕಿಸಿದರೆ ಅದಕ್ಕೆ ವಾರಂಟಿಯೂ ಇದೆ. ಹೊರಗಿನ ಟ್ಯೂನ್ ಇದಕ್ಕಿಂತ ಸ್ವಲ್ಪ ಹೆಚ್ಚು ಕೊಡಬಹುದು. ಆ ಸ್ವಲ್ಪಕ್ಕಾಗಿ ವಾರಂಟಿ ಬಿಡುವುದರಲ್ಲಿ ಅರ್ಥವಿಲ್ಲ.

ಡೀಸೆಲ್ ಪಿಕಪ್‌ನವರಿಗೆ ಮುಖ್ಯವಾದ ಮಾತು ‘ಡಿಲೀಟ್ ಟ್ಯೂನ್’ ಕುರಿತದ್ದು. ಡಿಪಿಎಫ್, ಇಜಿಆರ್, ಡಿಇಎಫ್ ದ್ರವ ಬಳಸುವ ಎಸ್‌ಸಿಆರ್ ಎಂಬ ಹೊಗೆ ನಿಯಂತ್ರಣ ಭಾಗಗಳನ್ನು ಕಿತ್ತು ಅಥವಾ ನಿಷ್ಕ್ರಿಯಗೊಳಿಸಿ ಓಡಿಸಲು ಬರೆದ ಪ್ರೋಗ್ರಾಂ ಅದು. ಅಮೆರಿಕದ ಶುದ್ಧ ಗಾಳಿ ಕಾಯ್ದೆ ಅದನ್ನು ಮಾರುವುದನ್ನೂ ಹಾಕುವುದನ್ನೂ ನಿಷೇಧಿಸುತ್ತದೆ. ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2020ರ ನವೆಂಬರ್ ವರದಿಯಲ್ಲಿ, ಹಿಂದಿನ ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣವನ್ನು ಕಿತ್ತುಹಾಕಲಾಗಿದೆ ಎಂದು ಅಂದಾಜಿಸಿತು. 2018ರಲ್ಲಿ ಎಸ್‌ಸಿಟಿ, ಬುಲಿ ಡಾಗ್ ಟ್ಯೂನರ್‌ಗಳ ಮಾತೃಸಂಸ್ಥೆ ಡಿರೈವ್ ಸಿಸ್ಟಮ್ಸ್ ಇಪಿಎ ಜೊತೆ ಒಪ್ಪಂದಕ್ಕೆ ಬಂದು 3,00,000 ಡಾಲರ್ ದಂಡ ಕಟ್ಟಿತು. ಇಂದು ಹೆಸರಾಂತ ಬ್ರ್ಯಾಂಡ್‌ಗಳು ಡಿಲೀಟ್ ಸೌಲಭ್ಯ ಕೊಡದಿರುವುದಕ್ಕೆ ಇಂಥ ಪ್ರಕರಣಗಳೇ ಕಾರಣ. ಕದ್ದುಮುಚ್ಚಿ ಮಾರುವ ಹಳೆಯ ಡಿಲೀಟ್ ಟ್ಯೂನರ್ ಕೊಂಡರೆ ಅಪ್‌ಡೇಟ್ ಇಲ್ಲ, ಸಹಾಯವಿಲ್ಲ, ಗಾಡಿ ಮಾರುವಾಗ ಗಿರಾಕಿಯೂ ಕಡಿಮೆ.

ಕ್ಯಾಲಿಫೋರ್ನಿಯಾದಲ್ಲಿರುವವರು ಟ್ಯೂನರಿಗೆ ಆ ರಾಜ್ಯದ ವಾಯು ಮಂಡಳಿ ಕಾರ್ಬ್ ಕೊಡುವ ಇಓ ಎಂಬ ಅನುಮತಿ ಸಂಖ್ಯೆ ಇದೆಯೇ, ಅದು ನಿಮ್ಮದೇ ಮಾದರಿ ವರ್ಷ ಮತ್ತು ಎಂಜಿನ್ನಿಗೆ ಅನ್ವಯಿಸುತ್ತದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿ. 2021ರ ಜುಲೈ 19ರಿಂದ ಅಲ್ಲಿನ ಸ್ಮಾಗ್ ತಪಾಸಣೆಯಲ್ಲಿ ತಿದ್ದಿದ ಸಾಫ್ಟ್‌ವೇರ್ ಕಂಡರೆ ಗಾಡಿ ಫೇಲ್. ಹೊಗೆ ಪೂರ್ತಿ ಶುದ್ಧವಾಗಿದ್ದರೂ ಫೇಲ್.

ಕೊಳ್ಳುವಾಗ

ಮಾದರಿ ವರ್ಷ ಹೊಸದಾದಷ್ಟೂ ಬೀಗ ಗಟ್ಟಿ. 2015ರಿಂದೀಚಿನ ಪೆಟ್ರೋಲ್ ರ‍್ಯಾಮ್‌ಗಳ ಎಂಜಿನ್ ಕಂಪ್ಯೂಟರ್ ಲಾಕ್ ಆಗಿರುತ್ತದೆ. ಟ್ಯೂನರ್ ಕಂಪನಿ ಬೀಗ ತೆಗೆದುಕೊಟ್ಟ ಕಂಪ್ಯೂಟರನ್ನು ಬದಲಿಸಿ ಹಾಕಬೇಕು. ಅದಕ್ಕೆ ಟ್ಯೂನರ್ ಬೆಲೆಯಷ್ಟೇ ಇನ್ನೊಮ್ಮೆ ತೆರಬೇಕಾಗಬಹುದು. 2018ರಿಂದ ರ‍್ಯಾಮ್‌ಗಳಲ್ಲಿ ಸೆಕ್ಯುರಿಟಿ ಗೇಟ್‌ವೇ ಎಂಬ ಹೆಚ್ಚುವರಿ ಕಾವಲು ಇದ್ದು, ಅದನ್ನು ದಾಟಲು ಬೈಪಾಸ್ ಕೇಬಲ್ ಬೇಕು. 2017ರ ಎಲ್5ಪಿ ಡ್ಯುರಾಮ್ಯಾಕ್ಸ್ ಬಂದಾಗ ಅದರ ಬೀಗ ತೆಗೆಯಲು ಟ್ಯೂನರ್ ಉದ್ಯಮವೇ ಬಹುಕಾಲ ತಿಣುಕಿತು. ಹಾಗಾಗಿ ಜಾಹೀರಾತಿನಲ್ಲಿ ‘ಸಿಲ್ವರಾಡೊಗೆ ಹೊಂದುತ್ತದೆ’ ಎಂದಿದ್ದರೆ ಸಾಲದು. ತಯಾರಕರ ಜಾಲತಾಣದಲ್ಲಿ ವರ್ಷ, ಎಂಜಿನ್, ಗೇರ್‌ಬಾಕ್ಸ್ ಮೂರನ್ನೂ ಹಾಕಿ ನೋಡಿ; ಸಂದೇಹವಿದ್ದರೆ ವಿಐಎನ್ (ಗಾಡಿಯ ಗುರುತು ಸಂಖ್ಯೆ) ಕೊಟ್ಟು ಬರಹದಲ್ಲಿ ಉತ್ತರ ಪಡೆಯಿರಿ.

ಟ್ಯೂನರ್ ಒಳಗೆ ತುಂಬಿ ಬರುವ ಸಿದ್ಧ ಟ್ಯೂನ್‌ಗಳನ್ನು ಎಲ್ಲ ಹವಾಮಾನಕ್ಕೂ, ಎಲ್ಲ ಗಾಡಿಗೂ ಹೊಂದುವಂತೆ ಹೆದರಿ ಹೆದರಿ ಬರೆದಿರುತ್ತಾರೆ. ಗಾಡಿಯಲ್ಲಿ ಇಂಟೇಕ್ (ಗಾಳಿ ಒಳಬರುವ ಕೊಳವೆ), ಇಂಟರ್‌ಕೂಲರ್ (ಆ ಗಾಳಿ ತಣಿಸುವ ಭಾಗ) ಬದಲಾಗಿದ್ದರೆ ಸಿದ್ಧ ಟ್ಯೂನ್ ಬಿಟ್ಟು, ಲಾಗ್ (ಸೆನ್ಸರ್ ಅಂಕಿಗಳ ದಾಖಲೆ) ನೋಡಿ ತಿದ್ದಿಕೊಡುವ ಪರಿಣತರ ಹತ್ತಿರ ಕಸ್ಟಮ್ ಫೈಲ್ ಬರೆಸಿ. ಅದಕ್ಕೆ ಸಾಮಾನ್ಯವಾಗಿ 150ರಿಂದ 400 ಡಾಲರ್. ಗಾಳಿ ಅಳೆಯುವ ಕೊಳವೆಯ ವ್ಯಾಸ ದೊಡ್ಡದಾದ ಇಂಟೇಕ್ ಹಾಕಿ ಸಿದ್ಧ ಟ್ಯೂನ್ ಹಾಕುವುದು ತೀರಾ ಸಾಮಾನ್ಯವಾದ ತಪ್ಪು: ಮಾಸ್ ಏರ್‌ಫ್ಲೋ ಸೆನ್ಸರ್ ಗಾಳಿಯನ್ನು ಕಡಿಮೆ ಅಳೆಯುತ್ತದೆ, ಇಂಧನ ಕಡಿಮೆ ಬೀಳುತ್ತದೆ, ಅದರ ಮೇಲೆ ಟ್ಯೂನರ್ ಟೈಮಿಂಗ್ ಏರಿಸುತ್ತದೆ.

ಫ್ಲ್ಯಾಶ್ ಮಾಡುವ ಮುಂಚೆ ಗಾಡಿ ತಪಾಸಣೆ

ಟ್ಯೂನ್ ಕೆಟ್ಟ ಎಂಜಿನ್ನನ್ನು ರಿಪೇರಿ ಮಾಡುವುದಿಲ್ಲ, ಬೇಗ ಸಾಯಿಸುತ್ತದೆ. ಮೊದಲು ಕೋಡ್‌ಗಳನ್ನು ಓದಿ; ಬಾಕಿ ಉಳಿದ ಪೆಂಡಿಂಗ್ ಕೋಡ್‌ಗಳನ್ನೂ ಓದಿ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ತಾನಾಗಿ ಮಾಡಿಕೊಂಡ ಇಂಧನದ ತಿದ್ದುಪಡಿ) ಧನ ಅಥವಾ ಋಣ 10 ಶೇಕಡಾ ದಾಟಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಇಂಧನದ ಸಮಸ್ಯೆಯಿದೆ. ಅದು ಸರಿಯಾಗುವವರೆಗೆ ಟ್ಯೂನ್ ಮುಟ್ಟಬೇಡಿ.

ಇಕೋಬೂಸ್ಟಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸುವುದು ಐಚ್ಛಿಕವಲ್ಲ. ಸಿಲಿಂಡರಿನ ಒತ್ತಡ ಏರಿದಾಗ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಸವೆದು ಅಂತರ ಅಗಲವಾದ ಪ್ಲಗ್‌ನಲ್ಲಿ ಕಿಡಿ ಆರಿಹೋಗಿ ಭಾರದಲ್ಲಿ ಮಿಸ್‌ಫೈರ್ ಆಗುತ್ತದೆ, ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಕರಗಿಸುತ್ತದೆ. ಹೊಸ ಪ್ಲಗ್ ಹಾಕಿ ಅಂತರವನ್ನು 0.7 ಮಿಲಿಮೀಟರ್ ಆಸುಪಾಸಿಗೆ ಇಳಿಸಿ; ಟ್ಯೂನ್ ಬರೆದವರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. 2017–2020ರ 3.5 ಎಂಜಿನ್ನಿನಲ್ಲಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಒಂದೆರಡು ಸೆಕೆಂಡ್ ಗಡಗಡ ಸದ್ದು ಬರುತ್ತಿದ್ದರೆ ಅದು ವಾಲ್ವ್ ತೆರೆಯುವ ಸಮಯ ಹೊಂದಿಸುವ ಕ್ಯಾಮ್ ಫೇಸರ್ ಎಂಬ ಭಾಗದ ದೋಷ. ಆ ರಿಪೇರಿ ಮೊದಲು.

6.0 ಪವರ್‌ಸ್ಟ್ರೋಕ್, ಅಂದರೆ 2003–2007ರ ಸೂಪರ್ ಡ್ಯೂಟಿ, ಇರುವವರು ಹೆಡ್ ಬೋಲ್ಟ್ ಬದಲಿಸಿ ಗಟ್ಟಿಯಾದ ಸ್ಟಡ್ ಹಾಕಿಸುವವರೆಗೆ ಶಕ್ತಿಯ ಟ್ಯೂನ್ ಕಡೆ ತಿರುಗಿಯೂ ನೋಡಬಾರದು. ಆ ಎಂಜಿನ್ನಿನಲ್ಲಿ ಒತ್ತಡ ಹೆಚ್ಚಿದರೆ ಬೋಲ್ಟ್ ಹಿಗ್ಗಿ ಗ್ಯಾಸ್ಕೆಟ್ ಹೋಗುತ್ತದೆ. 6.7 ಕಮ್ಮಿನ್ಸ್ ಜೊತೆ 68ಆರ್‌ಎಫ್‌ಇ ಗೇರ್‌ಬಾಕ್ಸ್ ಇದ್ದರೆ ಎಂಜಿನ್ ತಡೆದುಕೊಳ್ಳುತ್ತದೆ, ಗೇರ್‌ಬಾಕ್ಸ್ ತಡೆದುಕೊಳ್ಳುವುದಿಲ್ಲ. ಅಲ್ಲಿ ಅತಿ ಕಡಿಮೆ ಮಟ್ಟದ ಟ್ಯೂನ್ ಸಾಕು.

ಫ್ಲ್ಯಾಶ್ ಮಾಡುವ ಕ್ರಮ

1. ಟ್ಯೂನರನ್ನು ಮೊದಲು ಮನೆಯ ಕಂಪ್ಯೂಟರಿಗೆ ಜೋಡಿಸಿ ಫರ್ಮ್‌ವೇರ್ ಮತ್ತು ಟ್ಯೂನ್ ಫೈಲುಗಳನ್ನು ಅಪ್‌ಡೇಟ್ ಮಾಡಿ. ಪೆಟ್ಟಿಗೆಯಿಂದ ತೆಗೆದ ತಕ್ಷಣ ಗಾಡಿಗೆ ಚುಚ್ಚಿದವರಿಗೇ ‘ನಿಮ್ಮ ಕ್ಯಾಲಿಬ್ರೇಷನ್ ಗುರುತಿಸಲಾಗಲಿಲ್ಲ’ ಎಂಬ ಸಂದೇಶ ಹೆಚ್ಚಾಗಿ ಬರುವುದು.

2. ಬ್ಯಾಟರಿ ವೋಲ್ಟೇಜ್ ಅಳೆಯಿರಿ. ಎಂಜಿನ್ ನಿಂತು ಕೆಲವು ಗಂಟೆಯಾದ ಮೇಲೆ 12.6 ವೋಲ್ಟ್ ಇರಬೇಕು. ಫ್ಲ್ಯಾಶ್ ಆಗುವಷ್ಟು ಹೊತ್ತೂ ಕೀ ಆನ್, ಎಂಜಿನ್ ಆಫ್ ಇರುತ್ತದೆ. ಫ್ಯಾನ್, ಪಂಪುಗಳು ತಾವಾಗಿ ಓಡಬಹುದು. ಸ್ಥಿರ ವೋಲ್ಟೇಜ್ ಕೊಡುವ ಬ್ಯಾಟರಿ ಮೇಂಟೇನರ್ ಜೋಡಿಸುವುದು ಒಳ್ಳೆಯದು. ಫಾಸ್ಟ್ ಚಾರ್ಜರ್ ಮಾತ್ರ ಬೇಡ, ಅದರ ಏರಿಳಿತವೇ ಬರವಣಿಗೆಯನ್ನು ಕೆಡಿಸುತ್ತದೆ.

3. ಡ್ಯಾಶ್‌ಕ್ಯಾಮ್, ಫೋನ್ ಚಾರ್ಜರ್, ವಿಮೆ ಕಂಪನಿಯ ಓಬಿಡಿ ಡಾಂಗಲ್ ಎಲ್ಲ ಕಿತ್ತುಬಿಡಿ. ಹೆಡ್‌ಲೈಟ್ ಆಟೊದಿಂದ ಆಫ್‌ಗೆ, ಎಸಿ ಆಫ್, ಬಾಗಿಲು ಮುಚ್ಚಿ. ಹೊರಗಿನ ಆಂಪ್ಲಿಫೈಯರ್ ಇದ್ದರೆ ಫ್ಯೂಸ್ ತೆಗೆಯಿರಿ. ಬಾಗಿಲು ತೆರೆದು ಮುಚ್ಚಿದರೂ ಹಲವು ಮಾಡ್ಯೂಲುಗಳು ಎಚ್ಚೆತ್ತು ಜಾಲದಲ್ಲಿ ಗದ್ದಲ ಮಾಡುತ್ತವೆ, ಹಾಗಾಗಿ ಒಳಗೆ ಕುಳಿತ ಮೇಲೆ ಏಳಬೇಡಿ.

4. ಟ್ಯೂನರ್ ಚುಚ್ಚಿ, ಅದು ಹೇಳಿದಾಗ ಕೀ ಆನ್ ಮಾಡಿ. ಬಟನ್ ಸ್ಟಾರ್ಟ್ ಗಾಡಿಯಲ್ಲಿ ಬ್ರೇಕ್ ತುಳಿಯದೆ ಒತ್ತಬೇಕು. ಮೊದಲು ಮೂಲ ಪ್ರೋಗ್ರಾಂ ಉಳಿಸುವ ಹಂತ. ಅದು ಮುಗಿದ ತಕ್ಷಣ ನಿಲ್ಲಿಸಿ, ಟ್ಯೂನರನ್ನು ಕಂಪ್ಯೂಟರಿಗೆ ಜೋಡಿಸಿ ಆ ಫೈಲಿನ ಇನ್ನೊಂದು ಪ್ರತಿ ತೆಗೆದಿಡಿ. ಕೆಲವು ಸಾಧನಗಳಲ್ಲಿ ಇದಕ್ಕೆ ಅವಕಾಶವಿಲ್ಲ, ಇದ್ದರೆ ಬಿಡಬೇಡಿ.

5. ಟೈರ್ ಅಳತೆ, ಪೆಟ್ರೋಲ್ ದರ್ಜೆ ಆರಿಸಿ. ಟ್ಯಾಂಕಿನಲ್ಲಿ ಈಗ ಇರುವ ಪೆಟ್ರೋಲಿಗೆ ತಕ್ಕ ಟ್ಯೂನನ್ನೇ ಹಾಕಬೇಕು. ಅರ್ಧ ಟ್ಯಾಂಕ್ 87ರ ಮೇಲೆ ಅರ್ಧ ಟ್ಯಾಂಕ್ 93 ಸುರಿದರೆ ಆಗುವುದು 90, 93 ಅಲ್ಲ. ಎರಡು ಟ್ಯಾಂಕ್ 93 ಓಡಿಸಿದ ಮೇಲೆ 93ರ ಟ್ಯೂನ್ ಹಾಕಿ.

6. ಬರವಣಿಗೆ ಶುರುವಾದರೆ ಕೇಬಲ್ ಮುಟ್ಟಬೇಡಿ. ಐದು ನಿಮಿಷದಿಂದ ಅರ್ಧ ಗಂಟೆ ಹಿಡಿಯಬಹುದು. ಮಧ್ಯೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪಗಳೆಲ್ಲ ಹತ್ತಿದರೂ ಗಾಬರಿ ಬೇಡ. ಅರ್ಧದಲ್ಲಿ ನಿಂತರೆ ಕೇಬಲ್ ಕೀಳದೆ, ಕೀ ಆಫ್-ಆನ್ ಮಾಡಿ ರಿಕವರಿ ಆಯ್ಕೆ ಬರುತ್ತದೆಯೇ ನೋಡಿ. ಹೆಚ್ಚಿನ ಸಾಧನಗಳು ಎರಡನೇ ಯತ್ನದಲ್ಲಿ ಮುಗಿಸುತ್ತವೆ.

7. ಮುಗಿದ ಮೇಲೆ ಕೀ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಎಸಿ ಇಲ್ಲದೆ ಹತ್ತು ನಿಮಿಷ ಐಡಲ್, ಆಮೇಲೆ ಎಸಿ ಹಾಕಿ ಐದು ನಿಮಿಷ. ಕಲಿತದ್ದೆಲ್ಲ ಅಳಿಸಿಹೋಗಿರುವುದರಿಂದ ಐಡಲ್ ಮತ್ತು ಗೇರ್ ಮೊದಲ ನೂರು ಮೈಲಿ ಒರಟಾಗಿರಬಹುದು.

ಫ್ಲ್ಯಾಶ್ ಮಾಡಿದಾಗ ಹೊಗೆ ತಪಾಸಣೆಯ ರೆಡಿನೆಸ್ ಮಾನಿಟರ್‌ಗಳೂ (ಗಾಡಿ ತನ್ನ ಹೊಗೆ ನಿಯಂತ್ರಣವನ್ನು ತಾನೇ ಪರೀಕ್ಷಿಸಿಕೊಂಡ ಗುರುತುಗಳು) ಸೊನ್ನೆಗೆ ಹೋಗುತ್ತವೆ. ಅವು ಮತ್ತೆ ಸಿದ್ಧವಾಗಲು ಹೈವೇ, ಊರು ಎರಡರಲ್ಲೂ ಕೆಲವು ದಿನ ಓಡಿಸಬೇಕು. ಟೆಕ್ಸಸ್‌ನ ಡಲ್ಲಾಸ್, ಹ್ಯಾರಿಸ್‌ನಂಥ ಕೌಂಟಿಗಳಲ್ಲಿ ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆ ಇದ್ದೇ ಇದೆ. ಅದರ ಹಿಂದಿನ ವಾರ ಫ್ಲ್ಯಾಶ್ ಮಾಡಿದರೆ ಸುಮ್ಮನೆ ಎರಡು ಸಲ ಅಲೆದಾಟ.

ಲಾಗ್ ತೆಗೆಯದೆ ಜೋರಾಗಿ ಓಡಿಸಬೇಡಿ

ಟ್ಯೂನರ್ ಕೊಂಡವರಲ್ಲಿ ಹೆಚ್ಚಿನವರು ಬಿಡುವ ಹೆಜ್ಜೆ ಇದು. ಎಂಜಿನ್ ಉಳಿಯುವುದೋ ಅಳಿಯುವುದೋ ಇಲ್ಲೇ ಗೊತ್ತಾಗುವುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಖಾಲಿ ಹೈವೇ ರ‍್ಯಾಂಪಿನಲ್ಲಿ, ವೇಗಮಿತಿಯೊಳಗೆ ಉಳಿಯುವಂಥ ಗೇರಿನಲ್ಲಿ ಸುಮಾರು 2,000 ಆರ್‌ಪಿಎಂನಿಂದ 5,500ರವರೆಗೆ ಒಮ್ಮೆ ಪೂರ್ತಿ ಪೆಡಲ್ ಒತ್ತಿ ದಾಖಲಿಸಿ. ಟ್ಯೂನರನ್ನು ಪಕ್ಕದಲ್ಲಿ ಕುಳಿತವರು ಹಿಡಿದಿರಲಿ.

ನೋಡಬೇಕಾದ್ದು ಮೊದಲಿಗೆ ನಾಕ್ ರಿಟಾರ್ಡ್, ಅಂದರೆ ಎಂಜಿನ್ನಿನಲ್ಲಿ ಬಡಿತ ಕಂಡಾಗ ಕಂಪ್ಯೂಟರ್ ಇಳಿಸುವ ಟೈಮಿಂಗ್. ಒಂದೆರಡು ಡಿಗ್ರಿ ಅಲ್ಲೊಂದು ಇಲ್ಲೊಂದು ಬಂದು ಹೋದರೆ ಪರವಾಗಿಲ್ಲ. ಮೂರು-ನಾಲ್ಕು ಡಿಗ್ರಿ ಎಡೆಬಿಡದೆ ನಿಂತರೆ ಪೆಟ್ರೋಲ್ ಆ ಟ್ಯೂನಿಗೆ ಸಾಲುತ್ತಿಲ್ಲ ಎಂದರ್ಥ. ಕೆಳಗಿನ ದರ್ಜೆಯ ಟ್ಯೂನಿಗೆ ಇಳಿಯಿರಿ. ಕೆಲವು ಫೋರ್ಡ್‌ಗಳಲ್ಲಿ ಈ ಅಂಕಿಯ ಚಿಹ್ನೆ ತಿರುವುಮುರುವು: ಋಣ ಸಂಖ್ಯೆ ಎಂದರೆ ಟೈಮಿಂಗ್ ಸೇರಿಸುತ್ತಿದೆ, ಅದು ಒಳ್ಳೆಯದೇ. ಇಕೋಬೂಸ್ಟಿನಲ್ಲಿ ಆಕ್ಟೇನ್ ಅಡ್ಜಸ್ಟ್ ರೇಶಿಯೊ ಎಂಬ ಅಂಕಿಯೂ ಇದೆ. ಅದು ಋಣ 1ರ ಹತ್ತಿರ ಇದ್ದರೆ ಎಂಜಿನ್ ಒಳ್ಳೆಯ ಪೆಟ್ರೋಲ್ ಸಿಕ್ಕಿದೆ ಎಂದು ಕಲಿತಿದೆ. ಧನದತ್ತ ಸರಿಯುತ್ತಿದ್ದರೆ ಬಂಕ್ ಬದಲಿಸಿ.

ಒಳಗೆ ಬರುವ ಗಾಳಿಯ ತಾಪವನ್ನೂ ಜೊತೆಗೆ ನೋಡಿ. ಬೇಸಿಗೆಯಲ್ಲಿ ಒಂದರ ಹಿಂದೊಂದು ಓಟ ಮಾಡಿದರೆ ಇಂಟರ್‌ಕೂಲರ್ ಬಿಸಿಯಾಗಿ ಈ ತಾಪ ಏರುತ್ತಲೇ ಹೋಗುತ್ತದೆ, ಕಂಪ್ಯೂಟರ್ ತಾನೇ ಟೈಮಿಂಗ್ ಇಳಿಸುತ್ತದೆ. ಜಾಹೀರಾತಿನ 80 ಎಚ್‌ಪಿ ಮೂರನೇ ಓಟದಲ್ಲಿ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಅಲ್ಲಿದೆ. ಡೀಸೆಲ್ಲಿನಲ್ಲಾದರೆ ಮುಖ್ಯ ಅಂಕಿ ಟರ್ಬೊಗೆ ಮುಂಚಿನ ಎಕ್ಸಾಸ್ಟ್ ತಾಪ: 1,250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 675 ಸೆಲ್ಸಿಯಸ್, ದಾಟಿ ನಿಲ್ಲಲು ಬಿಡಬೇಡಿ. ಗೇರ್‌ಬಾಕ್ಸ್ ಎಣ್ಣೆ 230 ಫ್ಯಾರನ್‌ಹೀಟ್ ಅಥವಾ 110 ಸೆಲ್ಸಿಯಸ್ ಮುಟ್ಟಿದರೆ ಕಾಲು ಎತ್ತಿ.

ಟ್ರೇಲರ್ ಎಳೆಯುವವರಿಗೆ ಒಂದೇ ಮಾತು: ಟ್ಯೂನಿನಿಂದ ಎಳೆಯುವ ಮಿತಿ ಒಂದು ಪೌಂಡೂ ಏರುವುದಿಲ್ಲ. ಆ ಮಿತಿ ಬ್ರೇಕು, ಚಾಸಿ, ಆಕ್ಸಲ್, ಕೂಲಿಂಗ್ ಎಲ್ಲವನ್ನೂ ಹಿಡಿದು ನಿಗದಿಯಾದದ್ದು. ಒಂದೆರಡು ಸೆಕೆಂಡ್ ಜೋರಾಗಿ ಓಡುವ ಟ್ಯೂನ್, ಇಪ್ಪತ್ತು ನಿಮಿಷ ಘಟ್ಟ ಹತ್ತುವಾಗ ಎಂಜಿನ್ ಬೇಯಿಸುತ್ತದೆ. ಎಳೆಯುವ ದಿನ ಟ್ರೇಲರಿಗೆಂದೇ ಬರೆದ ಟೋ ಟ್ಯೂನ್ ಅಥವಾ ಮೂಲ ಪ್ರೋಗ್ರಾಂ ಹಾಕಿ.

ಕರ್ನಾಟಕದಲ್ಲಿ ಪಿಕಪ್ ಇರುವವರಿಗೆ

ಇಸುಜು ವಿ-ಕ್ರಾಸ್, 2022ರಲ್ಲಿ ಇಲ್ಲಿಗೆ ಬಂದ ಟೊಯೊಟಾ ಹೈಲಕ್ಸ್ ಇವುಗಳಿಗೆ ಮೇಲೆ ಹೇಳಿದ ಅಮೆರಿಕದ ಸಾಧನಗಳನ್ನು ತರಿಸಬೇಡಿ. ಅವುಗಳ ಫೈಲು ಆ ದೇಶದ ಮಾದರಿಗಳಿಗೆ ಬರೆದದ್ದು. ಇಲ್ಲಿ ನಡೆಯುವುದು ಲ್ಯಾಪ್‌ಟಾಪ್‌ನಿಂದ ಮಾಡುವ ರೀಮ್ಯಾಪ್, ಇಲ್ಲವೇ ಇಂಜೆಕ್ಟರುಗಳಿಗೆ ಇಂಧನ ಹಂಚುವ ಕೊಳವೆಯ (ರೈಲ್) ಒತ್ತಡದ ಸೆನ್ಸರ್ ತಂತಿಯ ನಡುವೆ ಕೂರಿಸುವ ಟ್ಯೂನಿಂಗ್ ಬಾಕ್ಸ್. ಬಾಕ್ಸ್ ಕಂಪ್ಯೂಟರಿಗೆ ಒತ್ತಡ ಕಡಿಮೆಯಿದೆ ಎಂದು ಸುಳ್ಳು ಹೇಳಿ ಹೆಚ್ಚು ಇಂಧನ ಹಾಕಿಸುತ್ತದೆ. ಕಿತ್ತರೆ ಗಾಡಿ ಮೊದಲಿನಂತಾಗುತ್ತದೆ, ಆದರೆ ಪಂಪಿನ ಮೇಲೆ ನಿಜವಾಗಿ ಎಷ್ಟು ಭಾರ ಬೀಳುತ್ತಿದೆ ಎಂಬುದು ಕಂಪ್ಯೂಟರಿಗೂ ಗೊತ್ತಿರುವುದಿಲ್ಲ, ನಿಮಗೂ. 163 ಪಿಎಸ್‌ನ 1.9 ವಿ-ಕ್ರಾಸ್‌ನಲ್ಲಿ ರೀಮ್ಯಾಪ್ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. 204 ಪಿಎಸ್, 500 ನ್ಯೂಟನ್-ಮೀಟರಿನ ಆಟೊಮ್ಯಾಟಿಕ್ ಹೈಲಕ್ಸ್‌ಗೆ ಅಗತ್ಯವೇ ಕಾಣುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿಯ ವಿವರಗಳು ತಯಾರಕರು ಕೊಟ್ಟದ್ದಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಬಿಎಸ್6 ಗಾಡಿಯ ಡಿಪಿಎಫ್ ತೆಗೆಸುತ್ತೇವೆ ಎನ್ನುವವರ ಅಂಗಡಿಯಿಂದ ಹೊರಗೆ ಬನ್ನಿ.

ಡೀಲರ್ ಸರ್ವಿಸ್, ಮಾರಾಟ, ಸೆಕೆಂಡ್‌ಹ್ಯಾಂಡ್

ಟ್ಯೂನರ್ ಒಂದು ಗಾಡಿಗೆ ಫ್ಲ್ಯಾಶ್ ಮಾಡಿದ ಕ್ಷಣದಿಂದ ಆ ವಿಐಎನ್‌ಗೆ ಬೀಗ ಬೀಳುತ್ತದೆ. ಇದಕ್ಕೆ ‘ಮ್ಯಾರೀಡ್’ ಎನ್ನುತ್ತಾರೆ. ಮೂಲ ಪ್ರೋಗ್ರಾಂ ವಾಪಸ್ ಹಾಕಿದಾಗಲೇ ಬೀಗ ತೆರೆಯುವುದು. ಡೀಲರ್ ಹತ್ತಿರ ಸಾಫ್ಟ್‌ವೇರ್ ಅಪ್‌ಡೇಟ್ ಆಗುವ ಸಂಭವವಿದ್ದರೆ ಹೋಗುವ ಮುಂಚೆಯೇ ಮೂಲಕ್ಕೆ ಮರಳಿ. ಇಲ್ಲವಾದರೆ ಡೀಲರ್ ನಿಮ್ಮ ಟ್ಯೂನ್ ಮೇಲೆ ಹೊಸ ಪ್ರೋಗ್ರಾಂ ಬರೆಯುತ್ತಾನೆ, ಟ್ಯೂನರಿನಲ್ಲಿ ಉಳಿದಿರುವುದು ಹಳೆಯ ಮೂಲ ಫೈಲ್. ಅದನ್ನು ಈಗ ಹಿಂದಕ್ಕೆ ಹಾಕಿದರೆ ಹಳೆಯ, ದೋಷವಿದ್ದ ಪ್ರೋಗ್ರಾಂ ಮರಳಿ ಬರುತ್ತದೆ. ಹಾಕದಿದ್ದರೆ ಟ್ಯೂನರಿನ ಬೀಗ ತೆರೆಯುವುದಿಲ್ಲ. ತಯಾರಕರ ಸಹಾಯವಾಣಿಗೆ ಕರೆ ಮಾಡಿ ಬೀಗ ತೆಗೆಸಬಹುದು, ಕೆಲವರು ಅದಕ್ಕೆ ಶುಲ್ಕ ಕೇಳುತ್ತಾರೆ.

ಗಾಡಿ ಮಾರುವಾಗಲೂ ಹೀಗೇ. ಟ್ಯೂನ್ ತೆಗೆಯದೆ ಗಾಡಿ ಕೊಟ್ಟುಬಿಟ್ಟರೆ ಕೈಯಲ್ಲಿ ಉಳಿದ 500 ಡಾಲರಿನ ಟ್ಯೂನರ್, ತಯಾರಕರಿಂದ ಬೀಗ ತೆಗೆಸದ ಹೊರತು, ಯಾವ ಗಾಡಿಗೂ ಆಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಟ್ಯೂನರ್ ಕೊಳ್ಳುವವರು ಸಾಧನದ ಮಾಹಿತಿ ಪರದೆಯಲ್ಲಿ ‘ಅನ್‌ಮ್ಯಾರೀಡ್’ ಅಥವಾ ‘ವಿಐಎನ್: ಯಾವುದೂ ಇಲ್ಲ’ ಎಂದು ತೋರಿಸುವ ಫೋಟೊ, ಸೀರಿಯಲ್ ನಂಬರ್ ಎರಡನ್ನೂ ಮೊದಲು ಕೇಳಿ. ಆ ನಂಬರನ್ನು ತಯಾರಕರಿಗೆ ಹೇಳಿ, ನಿಮ್ಮ ವರ್ಷದ ಗಾಡಿಗೆ ಅದು ಅಪ್‌ಡೇಟ್ ಆಗುತ್ತದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ದುಡ್ಡು ಕೊಡಿ.